ಚೀಲ ಕಾಯುವವರು ಯಾರು?

‘ಒಂದೇ ದಿನದಲ್ಲಿ ಆರು ಬೀಚ್! ಊಟ, ತಿಂಡಿ ಸೇರಿ.’ ದೀಪಾವಳಿ ಕಳೆದು ಚಳಿ ಶುರುವಾಯಿತೆಂದರೆ ನಮ್ಮ ಸಾಗರದ ಕಡೆ ಇಂಥ ಕರಪತ್ರಗಳಿಗೆ ಬರವಿಲ್ಲ. ಹಾಲಿನ ಡೈರಿಯ ಗೋಡೆ, ಕಿರಾಣಿ ಅಂಗಡಿಯ ಕಂಬ, ಈಗೀಗ ಮೊಬೈಲಿನ ಗುಂಪುಗಳು, ಎಲ್ಲ ಕಡೆಯೂ ಅದೇ. ಮೇಲೆ ಮುರ್ಡೇಶ್ವರದ ಶಿವ, ಕೆಳಗೆ ಗೋಕರ್ಣದ ಓಂ ಬೀಚು, ನಡುವೆ ಊರುಗಳ ಸಾಲು. ಬೆಳಿಗ್ಗೆ ಐದಕ್ಕೆ ಬಸ್ಸು, ರಾತ್ರಿ ಒಂಬತ್ತಕ್ಕೆ ಮನೆ. ಕೊನೆಯಲ್ಲಿ ದಪ್ಪಕ್ಷರದಲ್ಲಿ, ‘ಕುಟುಂಬ ಸಮೇತರಾಗಿ ಬನ್ನಿ.’

ನನ್ನ ಜಗಳವಿರುವುದು ಈ ಕೊನೆಯ ಸಾಲಿನ ಜೊತೆಗೆ. ಅದಕ್ಕೂ ಮೊದಲು ಒಂದಿಷ್ಟು ಲೆಕ್ಕ ಮಾಡಿಬಿಡುತ್ತೇನೆ; ಹೇಗೂ ಹಾಲಿನ ಲೆಕ್ಕ, ಇಸ್ತ್ರಿಯ ಲೆಕ್ಕ ಬರೆದು ಬರೆದು ಪಳಗಿದ ಕೈ. ಸಾಗರದಿಂದ ಜೋಗದ ಮೇಲೆ ಹಾಯ್ದು ಗೇರುಸೊಪ್ಪೆ ಘಟ್ಟ ಇಳಿದರೆ ಹೊನ್ನಾವರಕ್ಕೆ ಸುಮಾರು 90 ಕಿಲೋಮೀಟರು. ಅಲ್ಲಿಂದ ತೆಂಕಣಕ್ಕೆ ಮುರ್ಡೇಶ್ವರ, ಮತ್ತೆ ತಿರುಗಿ ಬಡಗಣಕ್ಕೆ ಕುಮಟಾ, ಗೋಕರ್ಣ. ಎಲ್ಲ ಸುತ್ತಿ ಮನೆ ಮುಟ್ಟುವಷ್ಟರಲ್ಲಿ 300 ಕಿಲೋಮೀಟರು ದಾಟಿರುತ್ತದೆ. ಘಟ್ಟದ ತಿರುವಿನಲ್ಲಿ ದೊಡ್ಡ ಬಸ್ಸು ಓಡುವ ಚಂದ ನಿಮಗೆ ಗೊತ್ತೇ ಇದೆ. ಹದಿನಾರು ಗಂಟೆಯಲ್ಲಿ ಒಂಬತ್ತು ಗಂಟೆ ಬಸ್ಸಿಗೇ ಹೋಯಿತು. ತಿಂಡಿ, ಊಟ, ದೇವರ ದರ್ಶನದ ಸಾಲು ಅಂತ ಮೂರು ಗಂಟೆ. ಉಳಿದ ನಾಲ್ಕು ಗಂಟೆಯನ್ನು ಆರು ತೀರಗಳಿಗೆ ಹಂಚಿದರೆ ಒಂದಕ್ಕೆ ನಲವತ್ತು ನಿಮಿಷ. ಬಸ್ಸು ನಿಂತಲ್ಲಿಂದ ನೀರಿನ ತನಕ ನಡೆಯುವುದು, ತಿರುಗಿ ಬರುವುದು, ತಪ್ಪಿಸಿಕೊಂಡ ಮಕ್ಕಳನ್ನು ಹುಡುಕುವುದು, ಎಲ್ಲ ಅದರೊಳಗೇ.

ಇನ್ನೊಂದು ಲೆಕ್ಕವಿದೆ, ಅದನ್ನು ಯಾವ ಕರಪತ್ರದವರೂ ಮಾಡುವುದಿಲ್ಲ. ಐವತ್ತು ಜನರ ಬಸ್ಸಿನಲ್ಲಿ ಇಪ್ಪತ್ತೈದು ಹೆಂಗಸರು ಎಂದಿಟ್ಟುಕೊಳ್ಳಿ. ಇಳಿದಲ್ಲಿ ಹೆಂಗಸರ ಶೌಚಾಲಯದ ಬಾಗಿಲು ಒಂದು ತೆರೆದಿದೆ. ಸೀರೆಯೋ ಚೂಡಿದಾರವೋ ಸರಿಮಾಡಿಕೊಂಡು ಬರಲು ಒಬ್ಬೊಬ್ಬಳಿಗೆ ಮೂರೇ ನಿಮಿಷ ಎಂದರೂ ಇಪ್ಪತ್ತೈದನೆಯವಳು ಹೊರಗೆ ಬರುವಾಗ ಒಂದೂಕಾಲು ಗಂಟೆ ಆಗಿರುತ್ತದೆ. ನಲವತ್ತು ನಿಮಿಷಕ್ಕೇ ಡ್ರೈವರು ಹಾರ್ನು ಒತ್ತುತ್ತಾನೆ. ಹಾಗಾಗಿ ಹತ್ತನೆಯವಳಿಂದ ಆಚೆಗೆ ಯಾರೂ ಸಾಲಿನಲ್ಲಿ ನಿಲ್ಲುವುದೇ ಇಲ್ಲ. "ನನಗೇನೂ ಬೇಡ, ತಡ್ಕೊಳ್ತೇನೆ" ಎಂದು ಬಸ್ಸು ಹತ್ತಿ ಕೂರುತ್ತಾರೆ.

ಅಷ್ಟಕ್ಕೂ ಆರು ಸಮುದ್ರ ಎಲ್ಲಿದೆ? ಕಾರವಾರದಿಂದ ಉಳ್ಳಾಲದವರೆಗೆ ಇರುವುದು ಒಂದೇ ಕಡಲು. ಆರು ಕಡೆ ನಿಂತು ಅದಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಿಕೊಂಡರೆ ಆರು ಸಮುದ್ರ ನೋಡಿದ ಹಾಗಾಯಿತೇ?

ಈಗ ‘ಕುಟುಂಬ ಸಮೇತ’ದ ವಿಷಯ. ಗಂಡಸರ ಪ್ರವಾಸ ಬಸ್ಸು ಹೊರಟ ಮೇಲೆ ಶುರುವಾಗುತ್ತದೆ. ನಮ್ಮದು ಹಿಂದಿನ ರಾತ್ರಿಯೇ ಶುರು. ಊಟ, ತಿಂಡಿ ಸೇರಿ ಎಂದು ಅಚ್ಚು ಹಾಕಿದ್ದರೂ ಮಾವನಿಗೆ ಹೊರಗಿನ ಎಣ್ಣೆ ಆಗುವುದಿಲ್ಲ, ಸಣ್ಣವನಿಗೆ ಖಾರ ಆಗುವುದಿಲ್ಲ. ಪುಳಿಯೋಗರೆಗೆ ಗೊಜ್ಜು ಕುದಿಸಿ, ಮೊಸರನ್ನಕ್ಕೆ ಹಾಲು ಹೆಪ್ಪು ಅಳತೆ ನೋಡಿ ಬೆರೆಸಿ, ಮಿಡಿ ಉಪ್ಪಿನಕಾಯಿ ಸೋರದಂತೆ ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ನೀರು, ತಟ್ಟೆ, ಲೋಟ, ಟವೆಲು, ವಾಂತಿಗೆ ನಿಂಬೆಹಣ್ಣು, ಕವರು, ಅತ್ತೆಯ ಬಿ.ಪಿ. ಮಾತ್ರೆ. ಮಲಗುವಾಗ ಹನ್ನೊಂದೂವರೆ, ಏಳುವುದು ಮೂರಕ್ಕೆ. ಅಡುಗೆಮನೆಯನ್ನು ಮಡಚಿ ಚೀಲಕ್ಕೆ ತುಂಬಿ, ಘಟ್ಟ ಇಳಿಸಿ, ಮರಳಿನ ಮೇಲೆ ಮತ್ತೆ ಬಿಡಿಸಿ ಹರಡುವುದಕ್ಕೆ ನಾವು ಪ್ರವಾಸ ಎನ್ನುತ್ತೇವೆ. ಮನೆಯಲ್ಲಾದರೆ ಕಾಲ ಕೆಳಗೆ ನೆಲವಾದರೂ ಗಟ್ಟಿಯಿರುತ್ತದೆ. ಅಲ್ಲಿ ಬಡಿಸುವಾಗ ಬಗ್ಗಿದರೆ ಮರಳು, ಎದ್ದರೆ ಗಾಳಿ.

ಊಟವಾಯಿತು, ಎಲ್ಲರೂ ನೀರಿಗೆ ಇಳಿಯುತ್ತಾರೆ. ಆಗ ಕೇಳುವ ಮಾತು, "ಇದನ್ನೊಂದು ನಿಮಿಷ ಹಿಡ್ಕೊಳೇ." ಮೊದಲು ಪರ್ಸು. ಆಮೇಲೆ ಮೊಬೈಲು, ವಾಚು, ಕನ್ನಡಕ. ಮೈದುನನ ಬೈಕಿನ ಕೀಲಿ, ಅದನ್ನು ಸಮುದ್ರಕ್ಕೆ ಯಾಕೆ ತಂದನೋ ಅವನಿಗೇ ಗೊತ್ತು. ಮಕ್ಕಳ ಚಪ್ಪಲಿ. ನೋಡುತ್ತಿದ್ದಂತೆ ಅವಳ ಸುತ್ತ ಒಂದು ಸಣ್ಣ ಸಂತೆ ಕಟ್ಟಿಕೊಳ್ಳುತ್ತದೆ. ಅವಳು ನಡುವೆ ಸೆರಗು ಹೊದ್ದು ಕೂತಿರುತ್ತಾಳೆ, ಕಣ್ಣು ಮಾತ್ರ ನೀರಿನ ಕಡೆ. ಅದೂ ಅಲೆ ನೋಡಲಿಕ್ಕಲ್ಲ, ಮಕ್ಕಳ ತಲೆ ಎಣಿಸಲಿಕ್ಕೆ. ಯಾವ ತೀರಕ್ಕಾದರೂ ಒಂದು ಭಾನುವಾರ ಹೋಗಿ ನೋಡಿ. ಚೀಲದ ಪಕ್ಕ ಕೂತವರಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು ಎಂದು ನೀವೇ ಎಣಿಸಿ. ಐವತ್ತು ದಾಟಿದ ಎಷ್ಟೋ ಗೃಹಿಣಿಯರು ಏಳೆಂಟು ಸಲ ಸಮುದ್ರಕ್ಕೆ ಹೋಗಿಬಂದಿದ್ದಾರೆ, ಮೊಣಕಾಲು ನೆನೆದಿಲ್ಲ.

ಕೇಳಿದರೆ ಮನೆಯವರದು ಸಿದ್ಧ ಉತ್ತರ: "ಅವಳಿಗೇ ನೀರೆಂದರೆ ಹೆದರಿಕೆ. ಅವಳಿಗೇ ಇಷ್ಟ ಇಲ್ಲ." ಹೆದರಿಕೆ ಹುಟ್ಟಿನಿಂದ ಬಂದದ್ದೇ? ನಾನು ಹುಟ್ಟಿದ ಹಳ್ಳಿಯಲ್ಲಿ ಕೆರೆಯಿತ್ತು. ನನ್ನ ಅಣ್ಣಂದಿರಿಗೆ ಚಿಕ್ಕಪ್ಪ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಈಜು ಕಲಿಸಿದರು. ನಾನು ಏರಿಯ ಮೇಲೆ ಕೂತು ಅವರ ಅಂಗಿ ಕಾಯುತ್ತಿದ್ದೆ. ಎಂಟು ವರ್ಷದವಳಿಗೆ ಆಗಲೇ ಚೀಲ ಕಾಯುವ ಉದ್ಯೋಗ ಸಿಕ್ಕಿತ್ತು ನೋಡಿ. ಹೆಣ್ಣುಮಕ್ಕಳು ಬಟ್ಟೆ ಒಗೆಯಲು ಅದೇ ಕೆರೆಗೆ ಸೊಂಟದ ತನಕ ಇಳಿಯಬಹುದಿತ್ತು. ಅದಕ್ಕೆ ಯಾರ ತಕರಾರೂ ಇರಲಿಲ್ಲ.

ಇನ್ನು ಇಷ್ಟವಿಲ್ಲದ ಮಾತು. ಇಷ್ಟ ಹೇಗೆ ಬರಬೇಕು, ಹೇಳಿ? ಸೀರೆ ನೆನೆದರೆ ಬದಲಾಯಿಸಲು ಜಾಗವಿಲ್ಲ. ಗಂಡಸು ಒಂದು ಟವೆಲು ಸುತ್ತಿ ಎಲ್ಲರೆದುರೇ ಚಡ್ಡಿ ಬದಲಾಯಿಸಿ ಮುಗಿಸುತ್ತಾನೆ. ನಾವು ನಾಲ್ಕು ಜನ ಸುತ್ತ ನಿಂತು ಬೆಡ್‌ಶೀಟು ಹಿಡಿಯಬೇಕು, ಗಾಳಿ ಅದನ್ನು ಎತ್ತುತ್ತಿರುತ್ತದೆ, ಅಷ್ಟು ದೂರದಲ್ಲಿ ಯಾವನೋ ಒಬ್ಬ ಮೊಬೈಲು ಹಿಡಿದು ನಿಂತಿರುತ್ತಾನೆ, ಸೂರ್ಯಾಸ್ತ ತೆಗೆಯುತ್ತಿದ್ದಾನೋ ನಮ್ಮನ್ನೋ ಗೊತ್ತಾಗುವುದಿಲ್ಲ. ಬೇಡವೆಂದು ಒದ್ದೆಯಲ್ಲೇ ಕೂತರೆ ಉಪ್ಪುನೀರಿನ ಬಟ್ಟೆ ತೊಡೆಸಂದಿಗೆ ಉಜ್ಜಿ ಸಾಗರ ಬರುವಷ್ಟರಲ್ಲಿ ಚರ್ಮ ಕಿತ್ತಿರುತ್ತದೆ. ಒಂದು ಕಡಲತೀರದಲ್ಲಿ, ಹೆಸರು ಬೇಡ, ಚಂದದ ಬಣ್ಣ ಬಳಿದ ಹೆಂಗಸರ ಶೌಚಾಲಯವಿತ್ತು. ಬಾಗಿಲಿಗೆ ಬೀಗ. ಕೀಲಿ ಯಾರ ಹತ್ತಿರ ಎಂದು ಕೇಳಿದೆ. ಕೀಲಿ ಇರುವವರು ಊಟಕ್ಕೆ ಹೋಗಿದ್ದಾರೆ ಎಂದರು. ಗಂಟೆ ನಾಲ್ಕಾಗಿತ್ತು. ಎದುರಿಗೇ ಊರಿನ ಹೆಸರನ್ನು ಇಂಗ್ಲಿಷಿನ ಆಳೆತ್ತರದ ಅಕ್ಷರಗಳಲ್ಲಿ ನಿಲ್ಲಿಸಿ, ಫೋಟೋ ತೆಗೆಸಿಕೊಳ್ಳಲೆಂದು ದೀಪ ಹಾಕಿದ್ದರು. ಅದಕ್ಕೆ ಬೀಗವಿರಲಿಲ್ಲ.

ಹಾಗಾಗಿ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಬೆಳಗಿನ ಕಾಫಿಯ ಮೇಲೆ ರಾತ್ರಿಯವರೆಗೆ ಒಂದು ಲೋಟ, ಅದೂ ಮಾತ್ರೆ ನುಂಗಲು. ಕರಾವಳಿಯ ಸೆಕೆಯಲ್ಲಿ, ಬೆವರು ಧಾರೆಯಾಗಿ ಹರಿಯುವಾಗ! ಹೆಂಗಸರ ಮೂತ್ರನಾಳ ಗಂಡಸರದಕ್ಕಿಂತ ಗಿಡ್ಡ, ಸೋಂಕು ಬೇಗ ಒಳಗೆ ಸೇರುತ್ತದೆ. ನೀರು ಕುಡಿಯದೆ, ಬಂದದ್ದನ್ನು ತಡೆದುಕೊಂಡರೆ ಅದಕ್ಕೆ ಇನ್ನೂ ಅನುಕೂಲ. ಪ್ರವಾಸದ ಮೂರನೆಯ ದಿನ ಉರಿಮೂತ್ರವೆಂದು ಡಾಕ್ಟರ ಬಳಿಗೆ ಹೋದವರು ನಿಮ್ಮ ಬೀದಿಯಲ್ಲೂ ಇದ್ದಾರೆ, ಕೇಳಿ ನೋಡಿ. "ಸಮುದ್ರದ ನೀರು ಆಗ್ಲಿಲ್ಲ" ಎನ್ನುತ್ತಾರೆ. ಸಮುದ್ರದ ನೀರನ್ನು ಮುಟ್ಟಿಯೇ ಇಲ್ಲ!

ಇನ್ನೊಂದು ಮಾತು. ಪಿಸುಮಾತಿನಲ್ಲಿ ಹೇಳುವಂಥದು, ನಾನು ಗಟ್ಟಿಯಾಗಿ ಹೇಳುತ್ತೇನೆ. ಬಸ್ಸಿನ ದಿನ ಗೊತ್ತಾದ ಕೂಡಲೇ ಮನೆಮನೆಯಲ್ಲಿ ಕ್ಯಾಲೆಂಡರು ನೋಡುವುದು ನಡೆಯುತ್ತದೆ. ತಾರೀಕು ಹತ್ತಿರವಿದ್ದವಳು ಮೆಡಿಕಲ್ ಶಾಪಿಗೆ ಹೋಗಿ ಮುಟ್ಟು ಮುಂದೆ ಹಾಕುವ ಮಾತ್ರೆ ತರುತ್ತಾಳೆ. ದೇವಸ್ಥಾನವೂ ಸೇರಿದ್ದರಂತೂ ಕೇಳುವುದೇ ಬೇಡ. ಅದು ಹಾರ್ಮೋನಿನ ಮಾತ್ರೆ, ಡಾಕ್ಟರನ್ನು ಕೇಳದೆ ನುಂಗುವಂಥದಲ್ಲ. ಆದರೂ ಅಮ್ಮನೇ ಮಗಳ ಕೈಗೆ ಕೊಡುತ್ತಾಳೆ, ಅತ್ತೆಯೇ ಸೊಸೆಗೆ ತರಿಸುತ್ತಾಳೆ. ಯಾಕೆಂದರೆ ಬಟ್ಟೆಯೋ ಪ್ಯಾಡೋ ಬದಲಾಯಿಸಲು ದಾರಿಯುದ್ದಕ್ಕೂ ಒಂದು ಮರೆ ಸಿಗುವ ಭರವಸೆ ಅವರಿಗಿಲ್ಲ. ನಲವತ್ತು ನಿಮಿಷದ ಸಮುದ್ರಕ್ಕಾಗಿ ಮೈಯ ತಿಂಗಳ ಲೆಕ್ಕವನ್ನೇ ತಿದ್ದಬೇಕೆಂದರೆ ಅಂಥ ಪ್ರವಾಸಕ್ಕೆ ಬೆಂಕಿ ಬೀಳಲಿ.

ಇದನ್ನೆಲ್ಲ ನಾನು ಮಹಿಳಾ ಸಮಾಜದಲ್ಲಿ ಹೇಳಿದಾಗ ಒಬ್ಬ ಹಿರಿಯರು, ನಿವೃತ್ತ ಮೇಷ್ಟರು, ಸಭೆಗೆ ಅತಿಥಿಯಾಗಿ ಬಂದಿದ್ದರು, ನಗುತ್ತಾ ಅಂದರು: "ತಾಯಿ, ಸಮುದ್ರ ಅಪಾಯ. ಹೆಣ್ಣುಮಕ್ಕಳು ದೂರ ಇದ್ರೇ ಕ್ಷೇಮ." ಅವರ ಕಾಳಜಿ ಸುಳ್ಳಲ್ಲ. 2024ರ ಡಿಸೆಂಬರ್ 10ರಂದು ಮುಳಬಾಗಿಲಿನಿಂದ ಶಾಲೆಯ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಮುರ್ಡೇಶ್ವರದಲ್ಲಿ ನೀರುಪಾಲಾದರು. ರಾಜ್ಯದ ಆ ತುದಿಯಿಂದ ಈ ತುದಿಗೆ, ಬಹುಶಃ ಮೊದಲ ಸಲ ಕಡಲು ನೋಡಲು ಬಂದ ಮಕ್ಕಳು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ತೀರವನ್ನು ಕೆಲವು ದಿನ ಮುಚ್ಚಿದರು. ಆಮೇಲೆ ಊರೂರಿನಲ್ಲಿ ಕೇಳಿಬಂದ ಮಾತು ಒಂದೇ: ಇನ್ನು ಹೆಣ್ಣುಮಕ್ಕಳನ್ನು ಪ್ರವಾಸಕ್ಕೆ ಕಳಿಸಬಾರದು.

ನೋಡಿ, ಇಲ್ಲಿಯೇ ನಾನು ಒಪ್ಪುವುದಿಲ್ಲ. ಕೆರೆಯಲ್ಲಿ, ಹೊಳೆಯಲ್ಲಿ, ಸಮುದ್ರದಲ್ಲಿ ಗಂಡುಹುಡುಗರೂ ಸಾಯುತ್ತಾರೆ, ಪತ್ರಿಕೆ ತೆರೆದರೆ ಕಾಣುತ್ತದೆ. ಹಾಗೆಂದು ಗಂಡುಹುಡುಗರನ್ನು ಪ್ರವಾಸಕ್ಕೆ ಕಳಿಸಬಾರದೆಂದು ಯಾರೂ ಹೇಳಿದ್ದು ಕೇಳಿಲ್ಲ. ನೀರು ಗಂಡು ಹೆಣ್ಣೆಂದು ನೋಡಿ ಎಳೆಯುವುದಿಲ್ಲ. ಆದರೆ ಕೈಕಾಲು ಆಡಿಸಲು ಬಾರದವರನ್ನು, ಮೈತುಂಬ ಬಟ್ಟೆ ಸುತ್ತಿಕೊಂಡವರನ್ನು ಬೇಗ ಎಳೆಯುತ್ತದೆ. ಐದೂವರೆ ಮೀಟರು ಹತ್ತಿಯ ಸೀರೆ ನೆನೆದರೆ ಎಷ್ಟು ಭಾರವೆಂದು ಬಕೆಟಿನಿಂದ ಎತ್ತಿ ಹಿಂಡಿದ ನಮಗೆ ಹೇಳಿಕೊಡಬೇಕೇ? ಅದು ಅಲೆಯಲ್ಲಿ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವಳೂ ಕಂಗೆಡುತ್ತಾಳೆ. ಚೂಡಿದಾರದ ವೇಲು ಇನ್ನೊಂದು ಅಪಾಯ. ಮರ್ಯಾದೆಗೆಂದು ಉಡಿಸಿದ ಬಟ್ಟೆಯೇ ಉರುಳಾಗುವ ಜಾಗ ಅದು.

ಸಮುದ್ರದ ಸೆಳವಿನ ವಿಷಯವನ್ನು ನಮ್ಮ ಎಷ್ಟು ಶಾಲೆಗಳಲ್ಲಿ ಹೇಳುತ್ತಾರೆ? ದಡಕ್ಕೆ ಅಪ್ಪಳಿಸಿದ ಅಲೆಯ ನೀರು ಎಲ್ಲಿಂದಾದರೂ ಹಿಂದಕ್ಕೆ ಹೋಗಲೇಬೇಕಲ್ಲ. ಅದು ಮರಳಿನ ತಗ್ಗು ಹುಡುಕಿಕೊಂಡು ಒಂದು ಇಕ್ಕಟ್ಟಾದ ಕಾಲುವೆಯ ಹಾಗೆ ಒಳಕ್ಕೆ ನುಗ್ಗುತ್ತದೆ. ಮೋಸವೇನೆಂದರೆ ಆ ಜಾಗದಲ್ಲಿ ನೊರೆ ಕಡಿಮೆ, ಅಲೆ ಒಡೆಯುವುದು ಕಡಿಮೆ. ಅಕ್ಕಪಕ್ಕದಲ್ಲಿ ಬಿಳಿ ನೊರೆ ಏಳುತ್ತಿರುವಾಗ ನಡುವೆ ಒಂದು ಪಟ್ಟಿ ಶಾಂತವಾಗಿ ಕಾಣುತ್ತದೆ. ಹೆದರುವವರು, ಮಕ್ಕಳನ್ನು ಕರೆತಂದವರು, "ಇಲ್ಲಿ ಜೋರಿಲ್ಲ" ಎಂದು ಅಲ್ಲಿಗೇ ಇಳಿಯುತ್ತಾರೆ. ಸೆಳವಿಗೆ ಸಿಕ್ಕರೆ ದಡದ ಕಡೆಗೇ ನೇರ ಈಜಲು ಹೆಣಗಬಾರದು, ದಣಿದು ಮುಳುಗುತ್ತೇವೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಸೆಳವಿನ ಪಟ್ಟಿ ದಾಟಿ, ಆಮೇಲೆ ಅಲೆಯ ಜೊತೆ ದಡಕ್ಕೆ ಬರಬೇಕು. ಆಗದಿದ್ದರೆ ತೇಲಿಕೊಂಡು ಕೈ ಎತ್ತಬೇಕು. ಕೆಂಪು ಬಾವುಟ ಕಂಡರೆ ಇಳಿಯಲೇಬಾರದು. ಕೆಂಪು ಹಳದಿ ಎರಡೂ ಇರುವ ಬಾವುಟಗಳ ನಡುವಿನ ಜಾಗವೆಂದರೆ ಜೀವರಕ್ಷಕರ ಕಣ್ಣು ಅಲ್ಲಿದೆ ಎಂದು ಅರ್ಥ. ಇಷ್ಟು ಹೇಳಲು ಹತ್ತು ನಿಮಿಷ ಸಾಕು. ಆರು ಬೀಚಿನ ಬಸ್ಸಿನಲ್ಲಿ ಮೈಕು ಹಿಡಿದು ಮೂರು ಗಂಟೆ ಅಂತ್ಯಾಕ್ಷರಿ ಆಡಿಸುವವರಿಗೆ ಈ ಹತ್ತು ನಿಮಿಷ ಸಿಗುವುದಿಲ್ಲ.

ಮೀನುಗಾರರ ಮನೆಯವರಿಗೆ ಇದೆಲ್ಲ ಲೆಕ್ಕವಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಅದು ಮೀನು ಮರಿಯಿಡುವ ಕಾಲವೂ ಹೌದು, ಕಡಲು ಕೆರಳುವ ಕಾಲವೂ ಹೌದು. ನೂಲುಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಮೀನುಗಾರಿಕೆಗೆ ಹೊರಡುವ ಪದ್ಧತಿ ಇಂದಿಗೂ ಇದೆ. ಅಷ್ಟು ಬಲ್ಲವರೇ ಎರಡು ತಿಂಗಳು ದಡದಲ್ಲಿ ಕೂರುವಾಗ, ಘಟ್ಟದ ಮೇಲಿನ ನಾವು ಜುಲೈ ತಿಂಗಳಲ್ಲಿ ‘ಮಳೆಯಲ್ಲಿ ಬೀಚು ನೋಡುವ ಮಜಾ’ ಎಂದು ಬಸ್ಸು ಹತ್ತುವುದು ಎಂಥ ಜಾಣತನ!

ಅಪಾಯಕ್ಕೆ ಮದ್ದು ಈಜು, ಬಾವುಟ, ಜೀವರಕ್ಷಕ, ಸರಿಯಾದ ಬಟ್ಟೆ, ಬದಲಾಯಿಸಲು ಕೋಣೆ. ಮನೆಯಲ್ಲಿ ಕೂರಿಸುವುದು ಮದ್ದಲ್ಲ. ಅಡುಗೆಮನೆಯಲ್ಲಿ ಬೆಂಕಿ ಅಪಾಯವೆಂದು ನಮ್ಮನ್ನು ಅಲ್ಲಿಂದ ದೂರವಿಟ್ಟವರು ಯಾರೂ ಇಲ್ಲವಲ್ಲ!

ಇದು ಆಗದ ಕೆಲಸವೇನೂ ಅಲ್ಲ. 2020ರಲ್ಲಿ ದೇಶದ ಎಂಟು ಕಡಲತೀರಗಳಿಗೆ ‘ಬ್ಲೂ ಫ್ಲ್ಯಾಗ್’ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಅದರಲ್ಲಿ ಎರಡು ನಮ್ಮವು: ಉಡುಪಿ ಜಿಲ್ಲೆಯ ಪಡುಬಿದ್ರಿ, ಹೊನ್ನಾವರದ ಪಕ್ಕದ ಕಾಸರಕೋಡು. ಅದಕ್ಕೆ 33 ಷರತ್ತುಗಳಿವೆಯಂತೆ. ನೀರಿನ ಶುದ್ಧತೆ, ಶೌಚಾಲಯ, ಜೀವರಕ್ಷಕರು, ಪ್ರಥಮ ಚಿಕಿತ್ಸೆ, ಅಂಗವಿಕಲರು ಬರಲು ದಾರಿ, ಎಲ್ಲ ಅದರಲ್ಲಿ ಸೇರಿದೆ. ಡೆನ್ಮಾರ್ಕಿನ ಒಂದು ಸಂಸ್ಥೆ ನೀಲಿ ಬಾವುಟ ಕೊಡುತ್ತೇನೆಂದರೆ ನಮ್ಮವರು ಬಟ್ಟೆ ಬದಲಾಯಿಸುವ ಕೋಣೆ ಕಟ್ಟುತ್ತಾರೆ, ಮೈತೊಳೆಯಲು ಸಿಹಿನೀರು ಬಿಡುತ್ತಾರೆ. ಮನೆಯ ಹೆಂಗಸು ನಲವತ್ತು ವರ್ಷದಿಂದ ಕೇಳದೆ ಕೇಳುತ್ತಿದ್ದದ್ದು ಯಾರಿಗೂ ಕೇಳಿಸಿರಲಿಲ್ಲ. ಇರಲಿ, ಬಾವುಟಕ್ಕಾದರೂ ಆಯಿತಲ್ಲ. ಮುನ್ನೂರು ಕಿಲೋಮೀಟರಿಗೂ ಉದ್ದದ ನಮ್ಮ ಕರಾವಳಿಯಲ್ಲಿ ಇಷ್ಟನ್ನು ಎಲ್ಲ ಕಡೆ ಮಾಡಲು ಏನು ಅಡ್ಡಿ? ಮುರ್ಡೇಶ್ವರದ ಶಿವ 123 ಅಡಿ ಎತ್ತರ, ನೋಡಬೇಕಾದ್ದೇ, ನಾನೂ ಕೈಮುಗಿದು ಬಂದಿದ್ದೇನೆ. ಪ್ರವಾಸೋದ್ಯಮದ ಭಾಷಣದಲ್ಲಿ ಎತ್ತರದ ಲೆಕ್ಕ ಬರುತ್ತದೆ, ಬಂದವರ ಲೆಕ್ಕ ಬರುತ್ತದೆ. ಹೆಂಗಸರ ಬಾಗಿಲುಗಳ ಲೆಕ್ಕವನ್ನೂ ಅದರ ಪಕ್ಕದಲ್ಲಿ ಓದಿ ಎಂದಷ್ಟೇ ನಾನು ಕೇಳುವುದು.

ಇಷ್ಟು ಮಾತಾಡಿದ ಮೇಲೆ ಏನಾದರೂ ಮಾಡದಿದ್ದರೆ ಹೇಗೆ? ಕಳೆದ ನವೆಂಬರಿನಲ್ಲಿ ನಾವು ಒಂಬತ್ತು ಜನ ಹೊರಟೆವು. ಒಂಬತ್ತೇ. ಹತ್ತನೆಯವರು ಕೇಳಿದರೂ ಬೇಡವೆಂದೆವು. ಐವತ್ತು ಜನರಿದ್ದರೆ ಒಬ್ಬ ಮ್ಯಾನೇಜರು ಬೇಕು, ಮ್ಯಾನೇಜರು ಬಂದರೆ ಸೀಟಿ ಬರುತ್ತದೆ. ಒಂಬತ್ತು ಜನರಲ್ಲಿ ಒಬ್ಬಳು "ನನಗೆ ಹೋಗಬೇಕು, ನಿಲ್ಸಿ" ಎಂದರೆ ಉಳಿದ ಎಂಟು ಜನ ನಿಲ್ಲುತ್ತಾರೆ. ಅವಳು ಸುಸ್ತಾಗಿ ಕೂತರೆ ಇನ್ನೊಬ್ಬಳಿಗೆ ಗೊತ್ತಾಗುತ್ತದೆ. ನೀರಿನಲ್ಲಿ ತಲೆ ಎಣಿಸಲೂ ಸುಲಭ.

ಗಂಡಸರಿಲ್ಲದೆ ಹೊರಟದ್ದಕ್ಕೆ ಬೀದಿಯಲ್ಲಿ ಮಾತಾಯಿತು. ನಮ್ಮ ಮನೆಯವರು "ಡ್ರೈವರಾದ್ರೂ ಗೊತ್ತಿರೋನನ್ನ ಮಾಡ್ಕೊಳಿ" ಎಂದರು. ಡ್ರೈವರೇ ಬೇಡ, ಸರ್ಕಾರಿ ಬಸ್ಸು ಸಾಕೆಂದೆವು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಎಷ್ಟು ಜನ ನಕ್ಕರು! ಹೆಂಗಸರು ಅಡುಗೆ ಬಿಟ್ಟು ಊರು ಸುತ್ತುತ್ತಾರಂತೆ, ಧರ್ಮಸ್ಥಳದಲ್ಲೇ ಬೀಡುಬಿಟ್ಟಿದ್ದಾರಂತೆ, ಮೊಬೈಲಿನಲ್ಲಿ ಬಂದ ಹಾಸ್ಯಕ್ಕೆ ಲೆಕ್ಕವಿಲ್ಲ. ಹೌದು ಸ್ವಾಮಿ, ಸುತ್ತಿದೆವು. ದೇವರ ಹೆಸರಿನಲ್ಲಿ ಹೊರಟರೆ ಅರ್ಧ ನಗು, ಸಮುದ್ರದ ಹೆಸರಿನಲ್ಲಿ ಹೊರಟರೆ ಪೂರ್ತಿ ನಗು, ಅಷ್ಟೇ ವ್ಯತ್ಯಾಸ. ಉಡುಪಿ, ಮಂಗಳೂರಿನ ಕಡೆ ಖಾಸಗಿ ಬಸ್ಸುಗಳೇ ಹೆಚ್ಚು, ಅಲ್ಲಿನ ಹೆಂಗಸರಿಗೆ ಈ ಅನುಕೂಲ ಕಡಿಮೆ. ನಮ್ಮ ಘಟ್ಟದ ದಾರಿಗೆ ಪರವಾಗಿಲ್ಲ. ಆಧಾರ್ ಕಾರ್ಡು ತೋರಿಸಿ, ಸೊನ್ನೆ ರೂಪಾಯಿಯ ಟಿಕೆಟು ಹರಿಸಿಕೊಂಡು ಹೊನ್ನಾವರದಲ್ಲಿ ಇಳಿದೆವು. ಮೂರು ಆಟೋ ಮಾಡಿ ಶರಾವತಿಯ ಸೇತುವೆ ದಾಟಿದರೆ ಕಾಸರಕೋಡು.

ಕರಾರು ಮೊದಲೇ ಆಗಿತ್ತು. ಬುತ್ತಿ ಇಲ್ಲ. ಒಬ್ಬರೂ ಅಡುಗೆ ಮಾಡಿ ತರಬಾರದು. ಅದನ್ನು ಪಾಲಿಸುವುದು ಎಲ್ಲಕ್ಕಿಂತ ಕಷ್ಟವಾಯಿತೆಂದರೆ ನೀವು ನಂಬಬೇಕು. ಪಕ್ಕದ ಮನೆಯ ಅತ್ತಿಗೆ ಚೀಲದ ತಳದಲ್ಲಿ ಹಲಸಿನ ಚಿಪ್ಸು ಅಡಗಿಸಿ ತಂದಿದ್ದರು, ಸಿಕ್ಕಿಬಿದ್ದರು. ಊಟ ಹೋಟೆಲಿನಲ್ಲಿ, ಯಾರೋ ಬೇಯಿಸಿ ಯಾರೋ ಬಡಿಸಿದ್ದು. ಚೀಲ ಕಾಯುವ ಪಾಳಿ ಅರ್ಧ ಗಂಟೆಗೊಬ್ಬರಂತೆ, ಗಡಿಯಾರ ನೋಡಿ. ಸೀರೆ ಬೇಡ, ವೇಲಿಲ್ಲದ ಚೂಡಿದಾರ, ಕೆಲವರು ಮಕ್ಕಳ ಹಳೆಯ ಪ್ಯಾಂಟು, ಟೀಶರ್ಟು. ಬಾವುಟ ನೆಟ್ಟ ಗಡಿಯೊಳಗೆ, ಸೊಂಟದ ನೀರಿನ ಆಚೆಗೆ ಹೋಗುವಂತಿಲ್ಲ. ಮತ್ತು ಒಂದೇ ತೀರ. ಇನ್ನೊಂದನ್ನು ನೋಡೋಣ ಎಂದವರು ಐಸ್‌ಕ್ರೀಮು ಕೊಡಿಸಬೇಕು.

ಗಾಳಿಮರದ ತೋಪಿನ ಆಚೆ ಕಡಲು ಕಂಡಾಗ ಐವತ್ತಾರು ವರ್ಷದ ಒಬ್ಬರು, ಅಂಗನವಾಡಿಯಲ್ಲಿ ಜೀವ ತೇದವರು, ಚಪ್ಪಲಿ ಬಿಟ್ಟು ಸುಮ್ಮನೆ ನಡೆದುಕೊಂಡು ನೀರಿಗೆ ಹೋದರು. ಮೊದಲ ಅಲೆ ಮೊಣಕಾಲಿಗೆ ಹೊಡೆದಾಗ "ಅಯ್ಯೋ" ಎಂದರು, ಎರಡನೆಯದಕ್ಕೆ ಕೂತೇಬಿಟ್ಟರು. ಮುಂದಿನ ಒಂದೂವರೆ ಗಂಟೆ ಅವರನ್ನು ಎಬ್ಬಿಸಲಾಗಲಿಲ್ಲ. ಅಲೆ ಬಂದಾಗ ಕಣ್ಣುಮುಚ್ಚುವುದು, ಹೋದಾಗ ಕಾಲ ಕೆಳಗಿನ ಮರಳು ಜಾರುವುದನ್ನು ನೋಡುವುದು, ಇಷ್ಟೇ ಕೆಲಸ. "ಏನು ಅಷ್ಟು ನೋಡ್ತಿದ್ರಿ ಅಕ್ಕಾ?" ಎಂದು ಆಮೇಲೆ ಕೇಳಿದೆ. "ಏನೂ ಇಲ್ಲ, ಯಾರೂ ಕರೀಲಿಲ್ಲ ನೋಡು" ಎಂದರು. ಸಿಹಿನೀರಿನಲ್ಲಿ ಮೈತೊಳೆದು, ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಒಣಬಟ್ಟೆ ಉಟ್ಟೆವು. ಆ ಬಾಗಿಲಿನ ಚಿಲಕ ಬೀಳುವ ಸದ್ದಿನ ಸುಖ ಗಂಡಸರಿಗೆ ಹೇಗೆ ವಿವರಿಸುವುದೋ ನನಗೆ ತಿಳಿಯದು.

ಮೀನು ಮಾರಿ ಬುಟ್ಟಿ ಖಾಲಿ ಮಾಡಿಕೊಂಡು ಹೊರಟ ಹೆಂಗಸೊಬ್ಬಳು ನಮ್ಮ ಬಳಿ ನಿಂತು, "ಗಂಡಸ್ರು ಯಾರೂ ಬರ್ಲಿಲ್ವಾ ಅಮ್ಮಾ?" ಎಂದಳು. ಇಲ್ಲವೆಂದಾಗ ಬುಟ್ಟಿ ಇಳಿಸಿ ಕೂತಳು. ಅವಳಿಗೂ ಈಜು ಬಾರದಂತೆ. ಕಡಲ ಮಗ್ಗುಲಲ್ಲೇ ಹುಟ್ಟಿ, ಕಡಲಿನಿಂದಲೇ ಉಂಡು, ಒಂದು ದಿನ ಸುಮ್ಮನೆ ನೀರಿಗೆ ಇಳಿದವಳಲ್ಲ. ನಮಗೆ ಪ್ರವಾಸದ ದಿನವಾದರೂ ಇದೆ. ಅಲ್ಲಿಯೇ ಪಕ್ಕದ ಟೊಂಕದಲ್ಲಿ ದಿನವಿಡೀ ಬಿಸಿಲಿನಲ್ಲಿ ಮೀನು ಒಣಗಿಸುವ ಹೆಂಗಸರಿಗೆ ಕಡಲತೀರವೆಂದರೆ ಕಣವಿದ್ದ ಹಾಗೆ. ಬಂದರಿನ ಯೋಜನೆಗೆ ಆ ಮರಳೇ ಹೋಗುತ್ತದೆಂದು ಅವರು ಬೀದಿಗಿಳಿದು ಹೋರಾಡಿದವರು. ಶೌಚಾಲಯದ ಬಾಗಿಲು ಕೇಳುವಾಗ ಅವರಿಗೂ ಸೇರಿಸಿ ಕೇಳಬೇಕು, ಪ್ರವಾಸಿಗರ ಚೀಟಿ ಇದ್ದವರಿಗಷ್ಟೇ ತೆರೆಯುವ ಬಾಗಿಲಾದರೆ ಅರ್ಧ ನ್ಯಾಯ.

ಸೂರ್ಯಾಸ್ತ ನೋಡಲಾಗಲಿಲ್ಲ. ಘಟ್ಟ ಹತ್ತುವ ಬಸ್ಸಿಗೆ ನಾಲ್ಕು ಗಂಟೆಗೇ ಹೊರಡಬೇಕಾಯಿತು. ರವೀಂದ್ರನಾಥ ಟಾಗೋರರು 1883ರಲ್ಲಿ ಕಾರವಾರದಲ್ಲಿದ್ದರು, ಅವರ ಅಣ್ಣ ಸತ್ಯೇಂದ್ರನಾಥರು ಆಗ ಅಲ್ಲಿ ನ್ಯಾಯಾಧೀಶರು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿ, ರಾತ್ರಿ ಮರಳಿನ ಮೇಲೆ ನಡೆದು ಮನೆಗೆ ಬಂದದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅಲ್ಲಿದ್ದಾಗಲೇ ಒಂದು ನಾಟಕವನ್ನೂ ಬರೆದರು. ಈಗ ಕಾರವಾರದ ತೀರಕ್ಕೆ ಅವರದೇ ಹೆಸರು. ಓದುವಾಗ ನನಗೆ ಕವಿತ್ವದ ಬಗ್ಗೆ ಅಸೂಯೆಯಾಗಲಿಲ್ಲ, ಬೆಳದಿಂಗಳ ಬಗ್ಗೆ ಆಯಿತು. ನಾಟಕ ಬರೆಯದಿದ್ದರೂ ಪರವಾಗಿಲ್ಲ, ರಾತ್ರಿ ಎಂಟು ಗಂಟೆಯವರೆಗೆ ಮರಳಿನ ಮೇಲೆ ಕೂತು, ಯಾರೂ ಬಂದು "ಒಬ್ಬರೇನಾ?" ಎಂದು ಕೇಳದೆ, ಎದ್ದು ಬರುವ ಹಾಗಿದ್ದರೆ ಎಷ್ಟು ಚಂದ. ಅದಕ್ಕೆ ತೀರದಲ್ಲಿ ದೀಪ ಬೇಕು, ಕೊನೆಯ ಬಸ್ಸು ತಡವಾಗಿ ಬೇಕು. ಇವೆರಡೂ ಸರ್ಕಾರದಿಂದ ಆಗುವ ಕೆಲಸವೇ.

ಮೊನ್ನೆ ಮಹಿಳಾ ಸಮಾಜದಿಂದ ಮೂರು ಅರ್ಜಿ ಬರೆದು ಕಳಿಸಿದ್ದೇವೆ. ಸಂಜೆಯ ಬಸ್ಸಿಗೆ ಒಂದು, ಬೀಗ ಹಾಕಿದ ಆ ಶೌಚಾಲಯಕ್ಕೆ ಒಂದು, ಊರಿನ ಹೈಸ್ಕೂಲು ಹುಡುಗಿಯರಿಗೆ ಈಜು ಕಲಿಸುವ ವ್ಯವಸ್ಥೆಗೆ ಒಂದು. ಬರುವ ನವೆಂಬರಿಗೆ ಹೆಸರು ಕೊಟ್ಟವರು ಇಪ್ಪತ್ತೊಂದು ಜನ. ಒಂದೇ ಬಸ್ಸು ಮಾಡಿಬಿಡೋಣ, ಅಗ್ಗವಾಗುತ್ತದೆ ಎಂದು ಕೆಲವರ ಸಲಹೆ. ಆಗುವುದಿಲ್ಲ, ಏಳೇಳು ಜನರ ಮೂರು ಗುಂಪು, ಮೂರು ಬೇರೆ ದಿನ ಎಂದಿದ್ದೇನೆ. ಎಪ್ಪತ್ತೆರಡು ವರ್ಷದ ನಮ್ಮ ಅತ್ತೆ ಮೊದಲ ಗುಂಪಿಗೇ ಹೆಸರು ಬರೆಸಿದ್ದಾರೆ. ಅವರು ಕೇಳಿದ್ದು ಎರಡೇ: ಕೂರಲಿಕ್ಕೆ ಕುರ್ಚಿ ಸಿಗುತ್ತದಾ, ಕಕ್ಕಸು ಎಷ್ಟು ದೂರ.